ಬಾಗಿಲು ತೆರೆಯುವಷ್ಟು ಜಾಗ

ಕಾಪುವಿನ ಪೇಟೆಯಿಂದ ಕಡಲಿನ ಕಡೆಗೆ ಇಳಿಯುವ ದಾರಿಯಲ್ಲಿ ಜಮಾಲ್ ಕಟ್ಟಿಸಿದ ಮನೆಗೆ ಕಾರಿಗಿಂತ ಆರು ವರ್ಷ ಮೊದಲೇ ಕಾರಿನ ಶೆಡ್ಡು ಬಂದಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಊರಿನವರು ನಕ್ಕರು. ನಗಲಿ, ಕುವೈತಿನಲ್ಲಿ ದುಡಿಯುವವನ ಮನೆಯೆಂದ ಮೇಲೆ ಶೆಡ್ಡು ಇಲ್ಲದೆ ಹೇಗೆ? ಮನೆಯ ಬಲಬದಿಗೆ ತಾಗಿಸಿ, ಹತ್ತು ಅಡಿ ಅಗಲ, ಹದಿನಾರು ಅಡಿ ಉದ್ದ, ಮೇಲೆ ಹಂಚು. ಶೆಡ್ಡಿನ ಎಡಗೋಡೆಯಲ್ಲಿ ಒಂದು ಒಳಬಾಗಿಲು. ಅದನ್ನು ತೆರೆದರೆ ಸೀದಾ ಮನೆಯ ಚಾವಡಿ. ಆ ಬಾಗಿಲನ್ನು ಜಮಾಲ್ ಕಾಗದ ಬರೆದು ಹಟಹಿಡಿದು ಇಡಿಸಿದ್ದ.

ಹನ್ನೊಂದು ವರ್ಷ ದುಡಿದು ಎಂಬತ್ತನಾಲ್ಕರ ಫೆಬ್ರವರಿಯಲ್ಲಿ ಅವನು ಗಂಟುಮೂಟೆ ಕಟ್ಟಿಕೊಂಡು ಬಂದದ್ದು ಪೂರ್ತಿಯಾಗಿ ಊರಿಗೆ. ಉಡುಪಿಯ ಡಾಕ್ಟರೊಬ್ಬರು ಮಾರಲಿಟ್ಟಿದ್ದ ಬಿಳಿ ಅಂಬಾಸಿಡರ್ ಕಾರನ್ನೂ ಕೊಂಡ. ಕಾರು ಮನೆಯಂಗಳಕ್ಕೆ ಬಂದ ದಿನ ಶೆಡ್ಡಿನ ಎರಡೂ ಕದ ತೆರೆದು ನೋಡಿದರೆ, ಒಳಗೆ ಕಾರಿಗಲ್ಲ, ಒಂದು ಬೆಕ್ಕಿಗೂ ಸಲೀಸಾಗಿ ತಿರುಗಲು ಜಾಗವಿಲ್ಲ.

ಹನ್ನೊಂದು ವರ್ಷದ ಸಂಸಾರ ಅಲ್ಲಿತ್ತು. ಬಿರಿಯಾನಿ ಬೇಯಿಸುವ ದೊಡ್ಡ ತಾಮ್ರದ ಪಾತ್ರೆಗಳು, ಸುರುಳಿ ಸುತ್ತಿದ ಚಾಪೆಗಳು, ಗ್ಯಾಸ್‌ಲೈಟು, ಬಿದಿರಿನ ಏಣಿ, ಟರ್ಪಾಲು, ತೊಟ್ಟಿಲು, ಹಾರೆ, ಪಿಕ್ಕಾಸು, ಮಳೆಗಾಲದ ಕಟ್ಟಿಗೆ, ಒಣಮೀನಿನ ಡಬ್ಬ. ಇವೆಲ್ಲಕ್ಕಿಂತ ಹೆಚ್ಚು ಜಾಗ ಹಿಡಿದಿದ್ದವು ಹಿಂದಿನ ಗೋಡೆಯುದ್ದಕ್ಕೂ ಮಾಡಿನ ತನಕ ಪೇರಿಸಿದ್ದ ರಟ್ಟಿನ ಪೆಟ್ಟಿಗೆಗಳು. ಅವನು ಕುವೈತಿನಿಂದ ಬಟ್ಟೆಬರೆ, ಹಾಲಿನ ಪುಡಿ ತುಂಬಿಸಿ, ಊರಿಗೆ ಬರುವವರ ಕೈಯಲ್ಲಿ ಕಳಿಸಿದ ಪೆಟ್ಟಿಗೆಗಳೇ. ಈಗ ಎಲ್ಲವೂ ಖಾಲಿ.

ಕಾರು ಹಲಸಿನ ಮರದ ಅಡಿಗೆ ಹೋಗಿ ನಿಂತಿತು.

"ಬ್ಯಾರಿಗಳೇ, ಮೇಲೆ ನೋಡಿದ್ದೀರಾ?" ಎಂದ ಬಡಗಿ ಅಣ್ಣು ಆಚಾರಿ, ದಾರಿಯಲ್ಲಿ ಹೋಗುತ್ತಿದ್ದವನು ನಿಂತು. "ಮೇ ತಿಂಗಳಲ್ಲಿ ಒಂದು ಹಣ್ಣು ಬಿತ್ತು ಅಂದ್ರೆ ನಿಮ್ಮ ಬಾನೆಟ್ಟು ನೀರುದೋಸೆ."

ಜಮಾಲನಿಗೆ ಹಲಸಿನ ಹಣ್ಣಿನ ಚಿಂತೆ ಇರಲಿಲ್ಲ. ಅವನ ಚಿಂತೆ ಜೂನ್ ತಿಂಗಳದ್ದು. ಒಬ್ಬಳೇ ಮಗಳು ಜುಬೈದಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮಣಿಪಾಲದ ಆಸ್ಪತ್ರೆಯಲ್ಲಿ ಜೂನ್ ನಡುವಿಗೆ ದಿನ ಹೇಳಿದ್ದರು. ಕಾಪುವಿನಲ್ಲಿ ಜೂನ್ ನಡುವೆ ಎಂದರೆ ಮಳೆ ಕೊಡೆಯ ಮೇಲಿಂದ ಬರುವುದಿಲ್ಲ, ಕಡಲ ಕಡೆಯಿಂದ ಅಡ್ಡಡ್ಡ ಬರುತ್ತದೆ.

ಜುಬೈದಾ ಹುಟ್ಟುವಾಗ ಅವನು ಬೊಂಬಾಯಿಯ ಹಡಗುಕಟ್ಟೆಯ ಗೋಡೌನಿನಲ್ಲಿ ಗೋಣಿ ಎಣಿಸುತ್ತಿದ್ದ. ಮಗಳನ್ನು ಮೊದಲು ಎತ್ತಿಕೊಂಡದ್ದು ಅವಳಿಗೆ ಒಂಬತ್ತು ತಿಂಗಳಾದ ಮೇಲೆ. ಯಾರೋ ಕಳ್ಳ ಎತ್ತಿಕೊಂಡ ಹಾಗೆ ಅವಳು ಕಿರುಚಿದ್ದಳು. ಹೆಂಡತಿ ಖೈರುನ್ನಿಸಾ ಬಾಣಂತಿಯಾಗಿ ಯಾವ ಗಾಡಿಯಲ್ಲಿ ಮನೆಗೆ ಬಂದಳು, ಯಾರು ಕೈಹಿಡಿದು ಇಳಿಸಿದರು ಎಂದು ಅವನು ಇಂದಿಗೂ ಕೇಳಿರಲಿಲ್ಲ. ಕೇಳುವ ಧೈರ್ಯ ಆಗಿರಲಿಲ್ಲ. ಈ ಸಲ ಮಾತ್ರ ತನ್ನ ಕಾರಿನಲ್ಲಿ, ತಾನೇ ಬಿಟ್ಟುಕೊಂಡು, ಮಗಳನ್ನೂ ಮಗುವನ್ನೂ ಶೆಡ್ಡಿನೊಳಗೆ ತಂದು ಇಳಿಸಬೇಕು. ಅಲ್ಲಿಂದ ಒಳಬಾಗಿಲಲ್ಲಿ ಚಾವಡಿಗೆ. ಒಂದು ಹನಿ ಅವರ ಮೇಲೆ ಬೀಳಬಾರದು. ಅವನಿಗೆ ಬೇಕಾದ್ದು ಇಷ್ಟೇ.

"ಶೆಡ್ಡು ಸರಿಮಾಡಬೇಕು ಖೈರೂ," ಎಂದ.

"ಮಾಡಿ. ಆದರೆ ನನ್ನಲ್ಲಿ ಕೇಳದೆ ಎಂತದನ್ನೂ ಬಿಸಾಡಬೇಡಿ."

"ಕುವೈತಿನಲ್ಲಿ ಕಂಪೆನಿಯ ಸ್ಟೋರು ನೋಡಿಕೊಂಡವ ನಾನು. ನಾಲ್ಕು ಸಾವಿರ ತರದ ಸಾಮಾನು. ಕತ್ತಲೆಯಲ್ಲಿ ಕೇಳಿದರೂ ತೆಗೆದು ಕೊಡುತ್ತಿದ್ದೆ."

"ಅಲ್ಲಿ ಯಾರಾದರೂ ಹೆರುತ್ತಿದ್ದರಾ?" ಎಂದಳು ಖೈರುನ್ನಿಸಾ. ಅವಳು ನಗದೆ ಕೇಳಿದ್ದರಿಂದ ಜಮಾಲನಿಗೆ ಅದು ತಮಾಷೆಯೋ ಅಲ್ಲವೋ ತಿಳಿಯಲಿಲ್ಲ.

ಮೇ ತಿಂಗಳ ನಡುವೆ ಹೆಜಮಾಡಿಯಿಂದ ಅವಳ ತಾಯಿ ಸಾರಮ್ಮ, ಬಸುರಿ ಮೊಮ್ಮಗಳನ್ನು ನೋಡಬೇಕೆಂದು ಹೇಳಿ ಕಳಿಸಿದಳು. ಖೈರುನ್ನಿಸಾ ಮಗಳ ಜೊತೆ ನಾಲ್ಕು ದಿನಕ್ಕೆಂದು ಬಸ್ಸು ಹತ್ತಿದ್ದೇ ತಡ, ಜಮಾಲ್ ಅಣ್ಣು ಆಚಾರಿಯನ್ನು ಕರೆಸಿದ. ಎಡಗೋಡೆಗೆ ಒಳಬಾಗಿಲಷ್ಟು ಬಿಟ್ಟು ಎರಡಡಿಯ ಹಲಗೆ, ಬಲಗೋಡೆಗೆ ಎರಡಡಿಯ ಹಲಗೆ, ನಾಲ್ಕು ನಾಲ್ಕು ಅಂತಸ್ತು. ಕಬ್ಬಿಣದ್ದೆಲ್ಲ ಕಬ್ಬಿಣದ ಜೊತೆ. ತಾಮ್ರ, ಹಿತ್ತಾಳೆ ಒಂದು ಕಡೆ, ದೊಡ್ಡದರೊಳಗೆ ಚಿಕ್ಕದು. ಹಗ್ಗಗಳು ಒಂದು ಸಾಲು, ಬಟ್ಟೆಯದ್ದು ಒಂದು ಸಾಲು, ಮರದ್ದು ಒಂದು ಸಾಲು. ಪ್ರತಿಯೊಂದಕ್ಕೂ ತಗಡಿನ ತುಂಡಿನಲ್ಲಿ ನಂಬರು. ಬಾಗಿಲ ಹಿಂದೆ ದಾರದಲ್ಲಿ ಕಟ್ಟಿ ನೇತುಹಾಕಿದ ಒಂದು ಪುಸ್ತಕ: ಯಾವ ನಂಬರಿಗೆ ಯಾವ ಸಾಮಾನು, ಯಾರು ಕೊಂಡುಹೋದರು, ಯಾವಾಗ ತಂದರು. ಕಟ್ಟಿಗೆಯನ್ನು ಹೊರಗೆ ಸೂರಿನಡಿಗೆ ಹಾಕಿಸಿದ. ಖಾಲಿ ಪೆಟ್ಟಿಗೆಗಳನ್ನು ಮಾತ್ರ ಮುಟ್ಟಲಿಲ್ಲ. ಕೇಳದೆ ಬಿಸಾಡಬಾರದೆಂಬ ಮಾತು ನೆನಪಿತ್ತು.

ನಾಲ್ಕನೆಯ ದಿನ ಹಿಂದೆ ಬಂದ ಖೈರುನ್ನಿಸಾ ತಲೆವಸ್ತ್ರದ ಸೆರಗನ್ನು ಬಾಯಿಗೆ ಒತ್ತಿಕೊಂಡು ಶೆಡ್ಡಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದಳು.

"ಹೇಗುಂಟು?"

"ಚಂದ ಉಂಟು. ಬ್ಯಾಂಕಿನ ಹಾಗೆ ಉಂಟು."

ಆ ಚಂದಕ್ಕೆ ಮರುದಿನವೇ ಪರೀಕ್ಷೆ ಬಂತು. ನೆರೆಯ ಅಪೊಲೋನಿಯಾ ಬಾಯಿ ಬೇಲಿ ದಾಟಿ ಬಂದಳು. ಅವಳ ಮಗಳು ಝೀಟಾಳಿಗೆ ಮದುವೆ. ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚಿ ಮೀಯಿಸುವ ರೋಸಿನ ಶಾಸ್ತ್ರ ಅಂದು ಸಂಜೆಗೆ. ಚಪ್ಪರಕ್ಕೆ ಗ್ಯಾಸ್‌ಲೈಟು ಬೇಕು, ಚಾಪೆ ಬೇಕು, ಎರಡು ದೊಡ್ಡ ಪಾತ್ರೆ ಬೇಕು. ಆರು ವರ್ಷದಿಂದ ಆ ಓಣಿಯ ಮದುವೆ, ಮರಣ, ಬಾಣಂತನ ಎಲ್ಲಕ್ಕೂ ಸಾಮಾನು ಹೋಗುತ್ತಿದ್ದುದು ಇದೇ ಶೆಡ್ಡಿನಿಂದ ಎಂಬುದು ಜಮಾಲನಿಗೆ ಆಗಲೇ ಗೊತ್ತಾದದ್ದು.

"ಒಂದು ಚೀಟಿ ಬರೆಯಬೇಕು ಬಾಯಿ," ಎಂದ ಅವನು, ಪುಸ್ತಕ ಬಿಚ್ಚುತ್ತ. "ಏನೇನು, ಎಷ್ಟೆಷ್ಟು, ಯಾವಾಗ ತರುವುದು."

"ಚೀಟಿಯಾ? ನನ್ನ ಮದುವೆಗೇ ನಾನು ಇಗರ್ಜಿಯಲ್ಲಿ ಹೆಬ್ಬೆಟ್ಟು ಒತ್ತಿದ್ದು ಮಾರಾಯ! ಖೈರುನ್ನಿಸಾ ಎಲ್ಲಿ?"

"ಅವಳು ಯಾಕೆ? ನಾನು ಕೊಡ್ತೇನೆ."

ಚಾಪೆ ಸಿಕ್ಕಿತು. ದೊಡ್ಡ ಪಾತ್ರೆಗಳ ಹೊಟ್ಟೆಯೊಳಗಿನ ಏಳು ಪಾತ್ರೆಗಳು ಒಂದೊಂದಾಗಿ ಹೊರಬಂದವು, ಬಿಸಿಲೇರುವ ಹೊತ್ತಿಗೆ. ಗ್ಯಾಸ್‌ಲೈಟು ಕಬ್ಬಿಣದ ಸಾಲಿನಲ್ಲೇ ಇತ್ತು. ಆದರೆ ಉರಿಯುವ ಮ್ಯಾಂಟಲ್ ಇಲ್ಲ, ಚುಚ್ಚುವ ಪಿನ್ನಿಲ್ಲ, ಪಂಪಿನ ತೊಗಲಿನ ವಾಶರಿಲ್ಲ. ಪುಸ್ತಕ ತಿರುವಿದ್ದೇ ತಿರುವಿದ್ದು. ಬಾಯಿ ಮೆಟ್ಟಿಲಲ್ಲಿ ಕೂತು ಎರಡು ಸಲ ಎಲೆಯಡಿಕೆ ಹಾಕಿ ಮುಗಿಸಿದಳು.

"ಮ್ಯಾಂಟಲ್ ಎಲ್ಲಿಟ್ಟಿದ್ದೀರಿ?" ಎಂದು ಖೈರುನ್ನಿಸಾ ಒಳಗಿನಿಂದ ಬಂದಳು.

"ಅದು ನೂಲಿನದ್ದಲ್ವಾ... ಬಟ್ಟೆಯ ಸಾಲಿನಲ್ಲಿ."

ಜುಬೈದಾ ಚಾವಡಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಬಾಪಾ, ಹಾಗಾದರೆ ನನ್ನ ಮಗುವನ್ನು ಯಾವ ಸಾಲಿನಲ್ಲಿ ಇಡ್ತೀರಿ?"

ಜಮಾಲನೂ ನಗಲು ನೋಡಿದ. ಆಗಲಿಲ್ಲ. ಗ್ಯಾಸ್‌ಲೈಟು, ಮ್ಯಾಂಟಲ್, ಪಿನ್ನು, ಒಂದು ಕುಪ್ಪಿ ಚಿಮಿಣಿ ಎಣ್ಣೆ ಇಷ್ಟೂ ಮೊದಲು ಒಂದೇ ಹೆಡಗೆಯಲ್ಲಿ, ಚಾಪೆಗಳ ಪಕ್ಕದಲ್ಲೇ ಇತ್ತು ಎಂಬುದು ಈಗ ನೆನಪಾಯಿತು. ಕೊಳಕು ಹೆಡಗೆ ಎಂದು ಬಿಡಿಸಿ ಹಂಚಿದವನು ಅವನೇ.

ಇರಲಿ, ಕಾರಿಗಾದರೂ ಜಾಗವಾಯಿತಲ್ಲ ಎಂದು ಸಮಾಧಾನ ಮಾಡಿಕೊಂಡು ಆ ಸಂಜೆ ಅವನು ಅಂಬಾಸಿಡರನ್ನು ಶೆಡ್ಡಿನತ್ತ ತಿರುಗಿಸಿದ. ಕಾರಿನ ಅಗಲ ಐದೂವರೆ ಅಡಿ. ನಡುವೆ ಬಿಟ್ಟದ್ದು ಆರು ಅಡಿ. ಅಣ್ಣು ಆಚಾರಿ ಮುಂದೆ ನಿಂತು "ಬರ್ಲಿ, ಬರ್ಲಿ" ಎಂದು ಕೈಬೀಸಿದ. ಮೂತಿ ಪೆಟ್ಟಿಗೆಗಳಿಗೆ ತಾಗಿ, ಹಿಂಭಾಗ ಒಂದು ಮೊಳ ಹೊರಗೇ ಉಳಿದರೂ, ಕಾರು ಒರೆಯೊಳಗೆ ಕತ್ತಿ ಹೋದ ಹಾಗೆ ಒಳಗೆ ಹೋಯಿತು. ಜಮಾಲ್ ಇಂಜಿನ್ ಆರಿಸಿ, ಹೆಮ್ಮೆಯಿಂದ ಬಾಗಿಲು ತೆರೆದ.

ಬಾಗಿಲು ಮೂರು ಬೆರಳು ತೆರೆದು ಹಲಗೆಗೆ ಬಡಿದು ನಿಂತಿತು. ಎಡಬದಿಯದ್ದೂ ಮೂರೇ ಬೆರಳು.

ಹನ್ನೊಂದು ವರ್ಷ ಲೆಕ್ಕ ಇಟ್ಟವನು ಬಾಗಿಲು ಮುಚ್ಚಿದ ಕಾರನ್ನು ಅಳೆದಿದ್ದ.

"ಬ್ಯಾರಿಗಳೇ," ಅಣ್ಣು ಆಚಾರಿ ಕಿಟಕಿಗೆ ಬಗ್ಗಿ ನೋಡಿದ, "ಊಟ ಅಲ್ಲಿಗೇ ತರಬೇಕಾ?"

ಜಮಾಲನ ಕಣ್ಣೆದುರು ಬಂದದ್ದು ಹಸುಗೂಸನ್ನು ಎತ್ತಿಕೊಂಡು ಹಿಂದಿನ ಸೀಟಿನಲ್ಲಿ ಕೂತ ಜುಬೈದಾ, ಮೂರು ಬೆರಳಿನ ಸಂದು, ಹೊರಗೆ ಅಡ್ಡಮಳೆ. ಅವನು ಕಾರನ್ನು ಹಿಂದಕ್ಕೆ ತಂದು ಮತ್ತೆ ಹಲಸಿನಡಿ ನಿಲ್ಲಿಸಿ, ಮನೆಯೊಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ. ಹೆರಿಗೆಗೆ ಇನ್ನು ಮೂರು ವಾರ.

ಬೆಳಿಗ್ಗೆ ಅಂಗಳದಲ್ಲಿ ಹಲಗೆ ಕೀಳುವ ಸದ್ದಿಗೆ ಎದ್ದ. ಖೈರುನ್ನಿಸಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು. ಅಣ್ಣು ಆಚಾರಿ ಅವಳ ಮಾತಿಗೆ ತಲೆಯಾಡಿಸುತ್ತಿದ್ದ.

"ಎದ್ದಿರಾ? ಕಾರು ತನ್ನಿ. ಬಲಗೋಡೆಗೆ ತಾಗಿಸಿ ನಿಲ್ಲಿಸಿ."

"ತಾಗಿಸಿ? ನಡುವಿನಲ್ಲಿ ಅಲ್ವಾ ನಿಲ್ಲಿಸುವುದು?"

"ಯಾಕೆ, ಕಾರಿಗೆ ನಡುವೆಯೇ ನಿಲ್ಲಬೇಕು ಅಂತ ಹರಕೆ ಉಂಟಾ? ನಮಗೆ ಬೇಕಾದ್ದು ಎಡಗಡೆಯ ಹಿಂದಿನ ಬಾಗಿಲು ಒಂದು. ಒಳಬಾಗಿಲು ಇರುವುದೂ ಎಡಗಡೆ."

"ಆಮೇಲೆ ನಾನು ಇಳಿಯುವುದು ಹೇಗೆ, ಮಾಡು ಒಡೆದುಕೊಂಡಾ?"

"ಮುಂದಿನದ್ದು ಉದ್ದ ಸೀಟು. ಗೇರು ಇರುವುದು ಸ್ಟೇರಿಂಗಿನ ಪಕ್ಕದಲ್ಲಿ. ಜಾರಿಕೊಂಡು ಎಡಕ್ಕೆ ಬನ್ನಿ. ಹೇಗೂ ನೀವು ದಿನಾ ಹೋಗಿ ಮೊದಲು ಎಡಗಡೆಯ ಬಾಗಿಲನ್ನೇ ತೆರೆಯುವುದಲ್ವಾ?"

ಅಣ್ಣು ಆಚಾರಿ ಉಳಿ ಕೆಳಗಿಟ್ಟು ನಕ್ಕ. ಮಾತು ಸುಳ್ಳಲ್ಲ. ಕುವೈತಿನಲ್ಲಿ ಕಂಪೆನಿಯ ಗಾಡಿ ಬಿಡುವವನು ಕೂರುವುದು ಎಡಗಡೆ. ಆ ಅಭ್ಯಾಸದಲ್ಲಿ ಜಮಾಲ್ ಊರಿಗೆ ಬಂದು ಮೂರು ತಿಂಗಳಾದರೂ ಬೀಗದ ಕೈ ಹಿಡಿದು ಎಡಬಾಗಿಲಿಗೇ ಹೋಗುತ್ತಿದ್ದ. ಇಡೀ ಓಣಿ ನಗುತ್ತಿದ್ದ ಆ ತಪ್ಪನ್ನು ಹೆಂಡತಿ ಒಂದು ಉಪಾಯವಾಗಿ ಎತ್ತಿಟ್ಟುಕೊಂಡಿದ್ದಳು.

ಕಾರು ಗೋಡೆಗೆ ತಾಗಿ ನಿಂತಿತು. ಹಿಂದಿನ ಸೀಟಿನಲ್ಲಿ ಖೈರುನ್ನಿಸಾ ತಾನೇ ಹೋಗಿ ಕೂತಳು, ಒಂದು ತಲೆದಿಂಬನ್ನು ಎದೆಗವಚಿಕೊಂಡು. ಬಾಗಿಲನ್ನು ಪೂರ್ತಿ ತಳ್ಳಿದಳು. ಒಂದು ಕಾಲು ಕೆಳಗಿಟ್ಟಳು, ಬಗ್ಗಿದಳು, ತಲೆದಿಂಬಿಗೆ ಎಲ್ಲೂ ತಾಗದಂತೆ ಎದ್ದು ನಿಂತಳು. ಬಾಣಂತಿ ನಡೆಯುವ ಹಾಗೆ ಸಣ್ಣ ಸಣ್ಣ ಹೆಜ್ಜೆಯಲ್ಲಿ ಒಳಬಾಗಿಲಿಗೆ ನಡೆದಳು. "ನಾಲ್ಕು ಹೆಜ್ಜೆ," ಎಂದಳು. ಆಮೇಲೆ ಇದ್ದಿಲಿನ ತುಂಡು ತೆಗೆದುಕೊಂಡು, ಬಾಗಿಲು ಬಂದು ನಿಲ್ಲುವಲ್ಲಿ ನೆಲದ ಮೇಲೆ ಒಂದು ಕಮಾನು ಎಳೆದಳು. "ಈ ಗೆರೆಯ ಒಳಗೆ ಒಂದು ಪೊರಕೆಯೂ ನಿಲ್ಲಬಾರದು."

ಜಮಾಲ್ ಟೇಪು ಹಿಡಿದು ಎರಡು ದಿನ ಅಳೆದ ಶೆಡ್ಡನ್ನು ಅವಳು ನಾಲ್ಕು ಹೆಜ್ಜೆಯಲ್ಲಿ ಅಳೆದು ಮುಗಿಸಿದ್ದಳು. ಕುವೈತಿನ ಸ್ಟೋರಿನಲ್ಲಿ ಅವನ ಮೇಲೆ ಮೂವರು ದೊಡ್ಡ ದೊರೆಗಳಿದ್ದರು. ಅವರಲ್ಲಿ ಒಬ್ಬರೂ ಸಾಮಾನು ಇಡುವ ಮೊದಲು ಸಾಮಾನಿನ ಜಾಗದಲ್ಲಿ ತಾವು ಕೂತು ನೋಡಿದ್ದಿಲ್ಲ.

ಮುಂದಿನ ಐದು ದಿನ ಅವನು ಹೆಂಡತಿಯ ಕೈಕೆಳಗಿನ ಆಳು. ಎಡಗೋಡೆಗೆ ಹಲಗೆ ಬೇಡವೆಂದಳು. ಏಣಿ, ಹಾರೆ, ಕೊಡೆಗಳಂಥ ತೆಳ್ಳಗಿನವು ಮಾತ್ರ ಮೊಳೆಯಲ್ಲಿ ತೂಗಿದವು. ಬಲಗೋಡೆಯ ಹಲಗೆಗಳು ಕಾರಿನ ತಲೆಗಿಂತ ಮೇಲಕ್ಕೆ ಹೋದವು. ಪೆಟ್ಟಿಗೆಗಳನ್ನು ತುಸು ಈಚೆಗೆ ಎಳೆದು, ಹಿಂದಿನ ಗೋಡೆಯಲ್ಲಿ, ಬಾನೆಟ್ಟು ತಗ್ಗಾಗಿರುವುದರಿಂದ ಅದರ ಮೇಲೆ ಬರುವ ಹಾಗೆ ಒಂದು ಆಳದ ಹಲಗೆ ಬಂತು. ತಾಯಿಯ ಮನೆಯಿಂದ ಹಳೆಯ ಮೀನಿನ ಬಲೆ ತರಿಸಿ, ಹಂಚಿನಡಿಯ ಪಕಾಸಿನಿಂದ ಪಕಾಸಿಗೆ ತೊಟ್ಟಿಲಿನಂತೆ ಕಟ್ಟಿಸಿ, ಚಾಪೆ, ಬುಟ್ಟಿಗಳನ್ನು ಅದರಲ್ಲಿ ಹಾಕಿದಳು. ಒಣಮೀನಿನ ಡಬ್ಬ ಅಡುಗೆಮನೆಯ ಅಟ್ಟಕ್ಕೆ ಹೋಯಿತು. ಬಾಣಂತಿ ಕಾರಿನಲ್ಲಿ ಬಂಗುಡೆಯ ವಾಸನೆ ಕುಡಿಯುವುದು ಬೇಡ.

ತಗಡಿನ ನಂಬರುಗಳನ್ನು ಅವಳು ಕೀಳಲಿಲ್ಲ. ಅವು ಇದ್ದ ಕಡೆ ಇರಲಿ ಎಂದಳು. ಆದರೆ ಸಾಮಾನನ್ನೆಲ್ಲ ಮತ್ತೆ ಜೊತೆ ಮಾಡಿದಳು. ಮದುವೆಯ ಹೆಡಗೆಯಲ್ಲಿ ಗ್ಯಾಸ್‌ಲೈಟಿನ ಸಂಸಾರವೆಲ್ಲ ಒಟ್ಟಿಗೆ. ಮಳೆಗಾಲದ್ದು ಬೇರೆ. ಮರಣದ್ದು ಬೇರೆ, ಅದನ್ನು ಮೂಲೆಯಲ್ಲಿ, ಆದರೆ ಕೈಗೆ ಎಟಕುವಲ್ಲಿ ಇಟ್ಟಳು. "ಅದನ್ನು ಕೇಳಲು ಬಂದವರನ್ನು ಕಾಯಿಸಬಾರದು," ಎಂದಳು. ಬಾಣಂತನದ ಬುಟ್ಟಿಯಲ್ಲಿ ತೊಟ್ಟಿಲಿನ ಕೊಕ್ಕೆ, ಹಗ್ಗ, ಎಣ್ಣೆಯ ಭರಣಿ, ಮೀಯುವ ಮಣೆ, ಹಳೆಯ ಮೆತ್ತನೆಯ ಪಂಚೆಗಳು. ಜಮಾಲ್ ಇದರಲ್ಲಿ ಮೂರನ್ನು ಮೂರು ಸಾಲಿಗೆ ಹಂಚಿದ್ದ.

"ಇದೆಲ್ಲ ನಿನಗೆ ಯಾರು ಹೇಳಿಕೊಟ್ಟದ್ದು?"

"ಯಾರು ಹೇಳಿಕೊಡಲಿಕ್ಕೆ? ಒಬ್ಬಳೇ ಇರುವಾಗ ಬಾಗಿಲು ಬಡಿದು ಕೇಳ್ತಾರೆ. ಹುಡುಕುತ್ತ ಕೂತರೆ ಒಲೆಯ ಮೇಲಿನ ಅನ್ನ ಸೀದುಹೋಗ್ತದೆ. ಒಂದು ಸಲ ಸೀದ ಮೇಲೆ ಗೊತ್ತಾಗ್ತದೆ."

ಕೊನೆಗೆ ಉಳಿದದ್ದು ಖಾಲಿ ಪೆಟ್ಟಿಗೆಗಳು. ಅವು ಹೋಗದೆ ಕಾರಿನ ಮೂತಿ ಹಿಂದಿನ ಗೋಡೆಯ ಹಲಗೆಯ ಅಡಿಗೆ ಸೇರುವಂತಿರಲಿಲ್ಲ, ಕದ ಮುಚ್ಚುವಂತಿರಲಿಲ್ಲ. ಜಮಾಲ್ ಹತ್ತಿರ ಹೋಗಿ ನೋಡಿದ. ಪ್ರತಿಯೊಂದರ ಮೇಲೂ ದಪ್ಪ ಕಪ್ಪು ಶಾಯಿಯಲ್ಲಿ ಅವನದೇ ಕೈಬರಹ: ಖೈರುನ್ನಿಸಾ, ಕಾಪು. ಒಂದೊಂದು ವರ್ಷದ್ದು ಒಂದೊಂದು ಬಗೆ. ಮೊದಲನೆಯದರಲ್ಲಿ ಅಕ್ಷರಗಳು ಮಗ್ಗಿ ಬರೆದಷ್ಟು ಜಾಗ್ರತೆಯವು, ಕೊನೆಯದರಲ್ಲಿ ಅವಸರದವು. ಸುತ್ತ ಬಿಗಿದ ನೀಲಿ ನೈಲಾನ್ ಹಗ್ಗವನ್ನೂ ಕತ್ತರಿಸದೆ, ಗಂಟು ಬಿಚ್ಚಿ ಸುತ್ತಿಟ್ಟಿದ್ದಳು. ಇವಳಿಗೆ ಏನನ್ನೂ ಬಿಸಾಡಲು ಮನಸ್ಸಿಲ್ಲ ಎಂದು ಅವನು ಮೂರು ತಿಂಗಳಿಂದ ಮನಸ್ಸಿನಲ್ಲೇ ಗೊಣಗಿದ್ದ.

"ಇವುಗಳನ್ನು ಎಂತ ಮಾಡುವುದು?" ಎಂದು ಮೆಲ್ಲಗೆ ಕೇಳಿದ.

ಖೈರುನ್ನಿಸಾ ಒಂದು ಪೆಟ್ಟಿಗೆಯ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದಳು. "ಒಲೆಗೆ ಹಾಕಿ. ನೀರು ಕಾಯಿಸಲಿಕ್ಕೆ ಆಗ್ತದೆ."

"ಇಷ್ಟು ವರ್ಷ ಇಟ್ಟವಳು?"

"ಇನ್ನು ಯಾಕೆ? ಆಳೇ ಬಂದಾಯ್ತಲ್ಲ."

ಹೇಳಿ, ಏಣಿ ಎಲ್ಲಿ ಎಂದು ಅಣ್ಣು ಆಚಾರಿಯನ್ನು ಗದರಿಸುತ್ತ ಹೋದಳು. ಜಮಾಲ್ ಪೆಟ್ಟಿಗೆಗಳನ್ನು ಒಂದೊಂದಾಗಿ ಬಚ್ಚಲಿನ ಒಲೆಯ ಬಳಿಗೆ ಹೊತ್ತ. ಮೊದಲನೆಯದನ್ನು ಒಲೆಗೆ ತುರುಕುವಾಗ ಹೆಸರಿರುವ ಬದಿಯನ್ನು ಒಳಕ್ಕೆ ಮಡಚಿದ. ಹನ್ನೊಂದು ವರ್ಷದಲ್ಲಿ ತಾನು ಏನೇನು ಕಳಿಸಿದೆ ಎಂಬ ಪಟ್ಟಿ ಅವನಲ್ಲಿತ್ತು. ಇಲ್ಲಿ ಏನೇನು ನಡೆಯಿತು, ಯಾವ ಹೊತ್ತಿಗೆ ಯಾರು ಬಾಗಿಲು ಬಡಿದರು ಎಂಬುದರ ಪಟ್ಟಿ ಆ ಹೆಂಗಸಿನ ಎರಡು ಕೈಗಳಲ್ಲಿತ್ತು. ಅವನಿಗೆ ಅವಳ ಮೇಲೆ ಪ್ರೀತಿ ಮೊದಲೂ ಇತ್ತು. ಈಗ ಕಲಿಸಿದ ಉಸ್ತಾದರ ಮುಂದೆ ನಿಂತಾಗ ಬರುವಂಥದ್ದೊಂದು ಅದರ ಜೊತೆ ಸೇರಿತು.

ಜೂನ್ ಹನ್ನೆರಡಕ್ಕೆ ಜುಬೈದಾಳಿಗೆ ಹೆಣ್ಣುಮಗು ಹುಟ್ಟಿತು. ಹದಿನೆಂಟಕ್ಕೆ ಮಣಿಪಾಲದಿಂದ ಮನೆಗೆ ಕಳಿಸಿದರು. ಉಡುಪಿ ದಾಟುವಾಗ ತುಂತುರು ಇದ್ದದ್ದು, ಉದ್ಯಾವರದ ಸೇತುವೆಯ ಮೇಲೆ ಹೊಳೆಗೂ ಆಕಾಶಕ್ಕೂ ವ್ಯತ್ಯಾಸವಿಲ್ಲದಷ್ಟಾಯಿತು. ವೈಪರು ಒರೆಸಿದ್ದೇ ಒರೆಸಿದ್ದು. ಜಮಾಲ್ ಎತ್ತಿನ ಗಾಡಿಯ ವೇಗದಲ್ಲಿ ಕಾರು ಬಿಟ್ಟ. ಹಿಂದಿನಿಂದ ಬಂದ ಬಸ್ಸುಗಳೆಲ್ಲ ಬೈದು ಮುಂದೆ ಹೋದವು.

"ಬಾಪಾ, ಹೀಗೆ ಹೋದರೆ ಮನೆ ಮುಟ್ಟುವಾಗ ಇವಳನ್ನು ಶಾಲೆಗೆ ಸೇರಿಸುವ ಹೊತ್ತಾಗ್ತದೆ," ಎಂದಳು ಜುಬೈದಾ ಹಿಂದಿನಿಂದ.

"ಮಾತಾಡಬೇಡ, ಗುಂಡಿ ಉಂಟು."

ಮನೆಯ ಗೇಟಿನ ಮುಂದೆ ಬಂದಾಗ ಅವನು ತಟ್ಟನೆ ಬ್ರೇಕು ಒತ್ತಿದ. ಗೇಟು ಹಾಕಿತ್ತು. ಶೆಡ್ಡಿನ ಕದಗಳೂ ಹಾಕಿದ್ದವು. ಎಲ್ಲ ಲೆಕ್ಕ ಮಾಡಿದವನು ಅದನ್ನು ಯಾರು ತೆರೆಯುವುದೆಂದು ಯೋಚಿಸಿರಲಿಲ್ಲ. ಬೇರೆ ದಾರಿ ಇರಲಿಲ್ಲ, ಇಳಿದ. ಮಳೆ ಹೊಡೆದ ರಭಸಕ್ಕೆ ಟೋಪಿ ಹಾರಿ ತೋಡಿಗೆ ಬಿತ್ತು. ಗೇಟು ತೆರೆದು, ಓಡಿ, ಶೆಡ್ಡಿನ ಎರಡು ಕದಗಳನ್ನು ಗೋಡೆಗೆ ಒತ್ತಿ ಕೊಕ್ಕೆ ಹಾಕಿ ಬರುವಷ್ಟರಲ್ಲಿ ಕೆರೆಯಿಂದ ಎದ್ದ ಎಮ್ಮೆಯಾಗಿದ್ದ.

ಕಾರು ಒಳಗೆ ಬಂತು. ಬಲಗೋಡೆಗೆ ಅರ್ಧ ಅಡಿ ಬಿಟ್ಟು ಜಾರಿ, ಮೂತಿಯನ್ನು ಹಲಗೆಯ ಅಡಿಗೆ ಸೇರಿಸಿ ನಿಂತಿತು. ಹಂಚಿನ ಮೇಲೆ ಮಳೆ ಭೋರೆನ್ನುತ್ತಿತ್ತು. ಒಳಗೆ ಮಾತ್ರ ನೆಲ ಒಣಗಿಯೇ ಇತ್ತು. ಮುಂದಿನ ಸೀಟಿನಿಂದ ಇಳಿದ ಖೈರುನ್ನಿಸಾ ಹಿಂದಿನ ಎಡಬಾಗಿಲನ್ನು ಎಳೆದಳು. ಅದು ಪೂರ್ತಿ ತೆರೆಯಿತು, ಎಲ್ಲಿಯೂ ತಾಗಲಿಲ್ಲ. ಜುಬೈದಾ ಒಂದು ಕಾಲು ಕೆಳಗಿಟ್ಟಳು, ಬಗ್ಗಿದಳು, ಬಿಳಿ ಬಟ್ಟೆಯ ಗಂಟನ್ನು ಎದೆಗವಚಿಕೊಂಡು ಎದ್ದು ನಿಂತಳು. ಜಮಾಲ್ ಕನ್ನಡಿಯಲ್ಲಿ ನೋಡುತ್ತ ಮನಸ್ಸಿನಲ್ಲೇ ಎಣಿಸಿದ. ಒಂದು. ಎರಡು. ಮೂರು. ನಾಲ್ಕಕ್ಕೆ ಮಗಳು ಚಾವಡಿಯ ಒಳಗಿದ್ದಳು. ಅವಳ ಮೇಲೂ ಮಗುವಿನ ಮೇಲೂ ಒಂದು ಹನಿ ಬಿದ್ದಿರಲಿಲ್ಲ.

ಅವನು ಸೀಟಿನ ಮೇಲೆ ಜಾರಿ ಎಡಬಾಗಿಲಲ್ಲಿ ಇಳಿದು, ಒಳಗೆ ನುಗ್ಗಲು ಹೊರಟ. ಖೈರುನ್ನಿಸಾ ಹೊಸ್ತಿಲಲ್ಲಿ ಅಡ್ಡ ನಿಂತಳು.

"ಎಲ್ಲಿಗೆ? ಈ ಅವತಾರದಲ್ಲಿ ಮಗುವನ್ನು ಮುಟ್ಟಲಿಕ್ಕೆ ಉಂಟಾ? ಮೊದಲು ಅದು ನೋಡಿ."

ಅವಳು ತೋರಿಸಿದ ಕಡೆ, ಒಳಬಾಗಿಲಿನ ಪಕ್ಕದಲ್ಲಿ, ಅವನ ಹೆಗಲಿನ ಎತ್ತರಕ್ಕೆ ಸರಿಯಾಗಿ ಒಂದು ಹೊಸ ಮೊಳೆ. ಅದರಲ್ಲಿ ಒಂದು ದಪ್ಪ ಬೈರಾಸು, ಒಗೆದು ಮಡಚಿದ ಲುಂಗಿ, ಒಂದು ಅಂಗಿ. ಬೆಳಿಗ್ಗೆ ಮಣಿಪಾಲಕ್ಕೆ ಹೊರಡುವ ಮೊದಲೇ ನೇತುಹಾಕಿದ್ದಿರಬೇಕು.

"ಗೇಟು ತೆರೆಯಲಿಕ್ಕೆ ಯಾರಾದರೂ ಇಳಿಯಲೇಬೇಕಲ್ಲ," ಎಂದಳು ಅವಳು. "ನನಗೆ ಗೊತ್ತಿತ್ತು ಯಾರು ಅಂತ."

ಜಮಾಲ್ ಬೈರಾಸಿನಲ್ಲಿ ತಲೆ ಒರೆಸಿಕೊಂಡ. ಕೈ ಒರೆಸಿಕೊಂಡ, ಬೆರಳ ಸಂದುಗಳನ್ನೂ ಬಿಡದೆ. ಒಣ ಲುಂಗಿ ಉಟ್ಟು, ಅಂಗಿಯ ಗುಂಡಿ ಹಾಕಿಕೊಂಡು ಚಾವಡಿಗೆ ಹೋಗಿ ಚಾಪೆಯ ಮೇಲೆ ಕೂತು, ಎರಡೂ ಕೈ ಮುಂದೆ ಚಾಚಿದ. ಜುಬೈದಾ ಮಗುವನ್ನು ಅವುಗಳ ಮೇಲೆ ಇಟ್ಟಳು. ಆರು ದಿನದ ಕೂಸು ಕಣ್ಣು ತೆರೆದು, ಅವನನ್ನು ಒಂದು ಕ್ಷಣ ದಿಟ್ಟಿಸಿ, ಆಕಳಿಸಿ, ಮತ್ತೆ ಮಲಗಿತು.

"ಅಳಲಿಲ್ಲ ಖೈರೂ," ಎಂದ ಅವನು. "ನೋಡಿದೆಯಾ? ಅಳಲಿಲ್ಲ."